ಭಕ್ತಿ ಆ್ಯಪ್‌ಗೆ ಜಾಹೀರಾತು: ಮೂರು ಸಲ ವಾಪಸ್ ಬಂತು, ಬಜೆಟ್ ಖಾಲಿಯಾಯಿತು, ಮುಂದೇನು?

ಒಂಟಿ_ಕೋಡರ್:

ನಮಸ್ಕಾರ ಎಲ್ಲರಿಗೂ. ನಾನೊಬ್ಬನೇ ಕೂತು ಮಾಡಿದ ಒಂದು ಆ್ಯಪ್ ಇದೆ. ದಿನಕ್ಕೊಂದು ಓದು, ಪ್ರಾರ್ಥನೆ ಹೊತ್ತಿಗೆ ಒಂದು ಅಲಾರಾಂ, ಕೇಳಲು ಒಂದಿಷ್ಟು ಆಡಿಯೋ. ಅಷ್ಟೇ. ಯಾವ ಧರ್ಮದ್ದು ಅಂತ ಬೇಕೆಂದೇ ಬರೆಯುತ್ತಿಲ್ಲ, ಬರೆದರೆ ಚರ್ಚೆ ಎಲ್ಲಿಗೆ ಹೋಗುತ್ತದೆ ಅಂತ ನಿಮಗೂ ಗೊತ್ತು.

ಬಳಸುವವರು ಕಡಿಮೆ, ಆದರೆ ತಾವಾಗಿಯೇ ಹುಡುಕಿ ಹಾಕಿಕೊಂಡವರು ತೆಗೆಯುವುದಿಲ್ಲ. ಹಾಗಾಗಿ ಸ್ವಲ್ಪ ಜಾಹೀರಾತು ಕೊಟ್ಟರೆ ಬೆಳೆಯಬಹುದು ಅಂದುಕೊಂಡೆ. ಒಂದು ದೊಡ್ಡ ವೇದಿಕೆಯಲ್ಲಿ ಖಾತೆ ತೆರೆದು, ‘ನೀವು ಇಂಥ ಧರ್ಮದವರಾ? ಹಾಗಾದರೆ ಈ ಆ್ಯಪ್ ನಿಮಗಾಗಿ’ ಅಂತ ಬರೆದೆ. ವಾಪಸ್ ಬಂತು. ‘ನಿಮ್ಮ ಧರ್ಮಕ್ಕೆ ತಕ್ಕ ಆ್ಯಪ್’ ಅಂತ ಬದಲಿಸಿದೆ. ಮತ್ತೆ ವಾಪಸ್. ಮೂರನೇ ಸಲ ಚಿತ್ರ ಬದಲಿಸಿದೆ, ಅದೂ ವಾಪಸ್. ನಾಲ್ಕನೇ ಸಲ ಹೇಗೋ ಪಾಸಾಯಿತು, ಆದರೆ ಆ ಧರ್ಮದವರಿಗೆ ಮಾತ್ರ ತೋರಿಸು ಅನ್ನುವ ಆಯ್ಕೆಯೇ ಅಲ್ಲಿ ಸಿಗಲಿಲ್ಲ. ಸುಮ್ನೆ ಎಲ್ಲರಿಗೂ ಬಿಟ್ಟೆ. ದುಡ್ಡು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಇನ್‌ಸ್ಟಾಲ್‌ಗಳೇನೋ ಬಂದವು, ಮರುದಿನ ನೋಡಿದರೆ ಅವರಲ್ಲಿ ಹೆಚ್ಚಿನವರು ಆ್ಯಪ್ ತೆರೆದೇ ಇರಲಿಲ್ಲ.

ಈ ಕೆಲಸದಲ್ಲಿ ಗೆದ್ದವರೋ ಸೋತವರೋ ಯಾರಾದರೂ ಇದ್ದರೆ ಹೇಳಿ. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುವ ಹಾಗಾಗಿದೆ ನನ್ನ ಕಥೆ.

ಕೀವರ್ಡ್_ಹುಳ:

ಮೊದಲು ಒಂದು ಸಮಾಧಾನ. ಇದು ನಿಮ್ಮೊಬ್ಬರ ಕಥೆ ಅಲ್ಲ. ಈ ಬಗೆಯ ಆ್ಯಪ್ ಮಾಡಿದ ಸುಮಾರು ಜನ ಶುರುವಿನಲ್ಲಿ ಇದೇ ಗೋಡೆಗೆ ತಲೆ ಚಚ್ಚಿಕೊಂಡಿದ್ದಾರೆ, ನಾನೂ ಸೇರಿ.

ಇಲ್ಲಿ ಎರಡು ಬೇರೆ ಬೇರೆ ನಿಯಮ ಕಲಸಿಹೋಗಿವೆ. ಏನು ಬರೆಯಬಹುದು ಅನ್ನುವುದು ಒಂದು, ಯಾರಿಗೆ ತೋರಿಸಬಹುದು ಅನ್ನುವುದು ಇನ್ನೊಂದು. ಬರೆಯುವ ವಿಷಯದಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ ನಡೆಸುವ ಮೆಟಾದ ನಿಯಮ ಹೀಗಿದೆ: ಓದುವವರ ಧರ್ಮ, ಜನಾಂಗ, ಆರೋಗ್ಯ ಇಂಥವು ನಮಗೆ ಗೊತ್ತಿದೆ ಅನ್ನುವ ಹಾಗೆ ಜಾಹೀರಾತು ಮಾತಾಡಬಾರದು. ‘ನೀವು ಇಂಥವರಾ?’ ಅಂತ ಪ್ರಶ್ನೆ ಕೇಳಿದರೂ ಅದೇ ಲೆಕ್ಕ, ‘ನಿಮ್ಮ ಧರ್ಮ’ ಅಂದರೂ ಅದೇ ಲೆಕ್ಕ. ಆ್ಯಪ್ ಏನು ಮಾಡುತ್ತದೆ ಅಂತ ಹೇಳಿ, ಓದುವವರು ಯಾರು ಅಂತ ಹೇಳಲು ಹೋಗಬೇಡಿ. ‘ಬೆಳಗಿನ ಪ್ರಾರ್ಥನೆ, ಐದು ನಿಮಿಷದ ಆಡಿಯೋ’ ಅಂದರೆ ಅದರಲ್ಲಿ ಯಾರ ಬಗ್ಗೆಯೂ ಮಾತಿಲ್ಲ ಅಲ್ವಾ, ಹಾಗೆ.

ತೋರಿಸುವ ವಿಷಯಕ್ಕೆ ಬಂದರೆ, ನೀವು ಹುಡುಕಿದ ಆ ಆಯ್ಕೆ ಒಂದು ಕಾಲದಲ್ಲಿ ಇತ್ತು. ಮೆಟಾ 2021ರ ನವೆಂಬರಿನಲ್ಲಿ ಮೊದಲೇ ಹೇಳಿ, 2022ರ ಜನವರಿ 19ರಿಂದ ಧರ್ಮ, ಆರೋಗ್ಯ, ರಾಜಕೀಯ ನಂಬಿಕೆಗಳಿಗೆ ಅಂಟಿಕೊಂಡ ಟಾರ್ಗೆಟಿಂಗ್ ಆಯ್ಕೆಗಳನ್ನು ತೆಗೆಯಲು ಶುರು ಮಾಡಿತು. ಗೂಗಲ್‌ನಲ್ಲೂ ಧಾರ್ಮಿಕ ನಂಬಿಕೆ ಸೂಕ್ಷ್ಮ ವಿಷಯಗಳ ಸಾಲಿನಲ್ಲಿದೆ. ಅಂದರೆ ನಿಮ್ಮ ಬಳಕೆದಾರರ ಪಟ್ಟಿಯನ್ನು ಅಪ್‌ಲೋಡ್ ಮಾಡಿ ಅದರ ಮೇಲೆ ಟಾರ್ಗೆಟ್ ಮಾಡುವುದು, ಒಮ್ಮೆ ಬಂದು ಹೋದವರ ಬೆನ್ನು ಹತ್ತುವ ರೀಮಾರ್ಕೆಟಿಂಗ್, ಇದಕ್ಕೆಲ್ಲ ಅಲ್ಲಿ ಅವಕಾಶ ಇಲ್ಲ. ಯುರೋಪಿನಲ್ಲಿ ಇದು ಕಂಪನಿಗಳ ನಿಯಮವಷ್ಟೇ ಅಲ್ಲ, ಕಾನೂನೇ. 2018ರ ಮೇ 25ರಿಂದ ಜಾರಿಯಲ್ಲಿರುವ ಜಿಡಿಪಿಆರ್ ಅನ್ನುವ ಖಾಸಗಿ ಮಾಹಿತಿ ರಕ್ಷಣೆಯ ಕಾನೂನಿನ 9ನೇ ವಿಧಿ ಧಾರ್ಮಿಕ ನಂಬಿಕೆಯ ಮಾಹಿತಿಯನ್ನು ವಿಶೇಷ ವರ್ಗಕ್ಕೆ ಸೇರಿಸಿದೆ. 2024ರ ಫೆಬ್ರವರಿ 17ರಿಂದ ಪೂರ್ತಿ ಜಾರಿಯಾದ ಡಿಜಿಟಲ್ ಸೇವೆಗಳ ಕಾಯ್ದೆಯ 26ನೇ ವಿಧಿ, ಆ ಮಾಹಿತಿ ಬಳಸಿ ಜನರನ್ನು ವಿಂಗಡಿಸಿ ಜಾಹೀರಾತು ತೋರಿಸುವುದನ್ನು ವೇದಿಕೆಗಳಿಗೆ ನಿಷೇಧಿಸಿದೆ.

ಹಿಂಬಾಗಿಲು ಹುಡುಕಬೇಡಿ. ಹೆಸರು ನೋಡಿ ಧರ್ಮ ಊಹಿಸಿ ಪಟ್ಟಿ ಮಾಡಿಕೊಡುತ್ತೇವೆ ಅನ್ನುವವರು ಸಿಗುತ್ತಾರೆ. ಅವರ ಮೆಸೇಜಿಗೆ ಉತ್ತರ ಕೂಡ ಕೊಡಬೇಡಿ.

ಒಂಟಿ_ಕೋಡರ್:

ಅರ್ಥವಾಯಿತು. ‘ನಿಮ್ಮ ಧರ್ಮ’ ಅನ್ನುವುದೂ ತಪ್ಪು ಅಂತ ಈಗ ಗೊತ್ತಾಯಿತು ನೋಡಿ. ಆದರೆ ಧರ್ಮ ಕೇಳುವ ಹಾಗಿಲ್ಲ, ಪಟ್ಟಿ ಕೊಡುವ ಹಾಗಿಲ್ಲ ಅಂದರೆ ಕಣ್ಣು ಕಟ್ಟಿಕೊಂಡು ಕಲ್ಲು ಹೊಡೆದ ಹಾಗೆ ಆಗಲ್ವಾ? ಯಾರಿಗೆ ತೋರಿಸಲಿ?

ಕೀವರ್ಡ್_ಹುಳ:

ಮನುಷ್ಯನನ್ನು ಬಿಡಿ, ಹೊತ್ತನ್ನು ಹಿಡಿಯಿರಿ. ಒಬ್ಬರು ಆ್ಯಪ್ ಸ್ಟೋರಿನಲ್ಲಿ ‘ಸಂಜೆ ಪ್ರಾರ್ಥನೆ ಆಡಿಯೋ’ ಅಂತ ಹುಡುಕಿದರೆ ಅವರ ಧರ್ಮ ನಿಮಗೆ ಬೇಕಿಲ್ಲ. ಬೇಕಾದ್ದನ್ನು ಅವರೇ ಬರೆದಾಗಿದೆ. ಆ್ಯಪಲ್ 2016ರಿಂದ ತನ್ನ ಸ್ಟೋರಿನ ಹುಡುಕಾಟದ ಮೇಲೆ ಜಾಹೀರಾತು ಮಾರುತ್ತಿದೆ, ಅಲ್ಲಿ ನೀವು ಹುಡುಕುವ ಪದಕ್ಕೆ ಬಿಡ್ ಮಾಡುತ್ತೀರಿ, ಅಂದರೆ ಹರಾಜಿನ ಹಾಗೆ ಬೆಲೆ ಕೂಗುತ್ತೀರಿ. ನಿಮ್ಮಂಥ ಸಣ್ಣ ಬಜೆಟ್‌ನವರು ಶುರು ಮಾಡಬೇಕಾದ್ದು ಅಲ್ಲಿಂದ. ಗೂಗಲ್‌ನ ಆ್ಯಪ್ ಕ್ಯಾಂಪೇನ್ ಬೇರೆ ಥರ. ಅಲ್ಲಿ ಪದಗಳು ನಿಮ್ಮ ಕೈಯಲ್ಲಿಲ್ಲ, ಭಾಷೆ, ಜಾಗ, ಬಜೆಟ್, ಒಂದಿಷ್ಟು ಸಾಲು ಮತ್ತು ಚಿತ್ರ ಕೊಟ್ಟರೆ ಉಳಿದದ್ದನ್ನು ಯಂತ್ರವೇ ಮಾಡುತ್ತದೆ. ಹಾಗಾಗಿ ಅಲ್ಲಿ ಯಾವುದನ್ನು ಗುರಿಯಾಗಿ ಕೊಡುತ್ತೀರಿ ಅನ್ನುವುದು ಮುಖ್ಯ. ಬರೀ ಇನ್‌ಸ್ಟಾಲ್ ಬೇಕು ಅಂದರೆ ಅಗ್ಗದ ಇನ್‌ಸ್ಟಾಲ್ ತಂದು ಸುರಿಯುತ್ತದೆ. ಮರುದಿನ ಆ್ಯಪ್ ತೆರೆಯದ ನಿಮ್ಮ ಆ ಜನ ಬಂದದ್ದೂ ಹೀಗೇ ಇರಬಹುದು.

ಜಾಹೀರಾತಿಗೂ ಮುಂಚೆ ಸ್ಟೋರ್ ಪುಟ ಸರಿ ಮಾಡಿ. ಎರಡೂ ಸ್ಟೋರಿನಲ್ಲಿ ಹೆಸರಿಗೆ 30 ಅಕ್ಷರ ಮಿತಿ. ಆ್ಯಪಲ್‌ನಲ್ಲಿ ಉಪಶೀರ್ಷಿಕೆಗೆ ಇನ್ನೊಂದು 30, ಕಾಣದ ಕೀವರ್ಡ್ ಜಾಗಕ್ಕೆ 100. ಪ್ಲೇ ಸ್ಟೋರಿನ ಚಿಕ್ಕ ವಿವರಣೆಗೆ 80. ಇಷ್ಟು ಕಡಿಮೆ ಜಾಗದಲ್ಲಿ ‘ದಿವ್ಯ’, ‘ಪವಿತ್ರ’, ‘ಅನುಭೂತಿ’ ಅಂತ ತುಂಬಿಸುವವರೇ ಜಾಸ್ತಿ. ಯಾರೂ ‘ಅನುಭೂತಿ’ ಅಂತ ಹುಡುಕುವುದಿಲ್ಲ. ಅಲಾರಾಂ, ಸಮಯ, ಆಡಿಯೋ, ಆಫ್‌ಲೈನ್, ಇವನ್ನು ಹುಡುಕುತ್ತಾರೆ.

ಪಂಚಾಂಗ_ಪ್ರಿಯೆ:

ಕೀವರ್ಡ್ ಅಣ್ಣ ಹೇಳಿದ ಆ ‘ಹೊತ್ತು’ ಅನ್ನುವುದಕ್ಕೆ ನನ್ನದೂ ಸೇರಿಸುತ್ತೇನೆ, ಯಾಕೆಂದರೆ ನಾನು ಇದೇ ಕೆಲಸದಲ್ಲಿ ಒಂದು ವರ್ಷ ಪೂರ್ತಿ ತಪ್ಪು ಲೆಕ್ಕ ಹಾಕಿದವಳು.

ಭಕ್ತಿ ಆ್ಯಪ್‌ಗಳಲ್ಲಿ ಹಬ್ಬ, ಉಪವಾಸದ ಹೊತ್ತಿಗೆ ಜನ ಜಾಸ್ತಿ ಬರುತ್ತಾರೆ, ಇದು ಎಲ್ಲರಿಗೂ ಗೊತ್ತು. ತೊಂದರೆ ಏನೆಂದರೆ ನಮ್ಮ ಡ್ಯಾಶ್‌ಬೋರ್ಡ್ ಜನವರಿ, ಫೆಬ್ರವರಿ ಲೆಕ್ಕದಲ್ಲಿ ಓಡುತ್ತದೆ, ಹಬ್ಬಗಳು ಓಡುವುದಿಲ್ಲ. ರಂಜಾನ್ 2024ರಲ್ಲಿ ಮಾರ್ಚ್ 11ರ ಸುಮಾರಿಗೆ ಶುರುವಾಯಿತು, 2025ರಲ್ಲಿ ಮಾರ್ಚ್ 1ರ ಸುಮಾರಿಗೆ, 2026ರಲ್ಲಿ ಫೆಬ್ರವರಿ 18ರ ಸುಮಾರಿಗೆ. ಚಂದ್ರನ ಲೆಕ್ಕದ ಇಸ್ಲಾಮಿಕ್ ಕ್ಯಾಲೆಂಡರಿನ ಹಿಜ್ರಿ ವರ್ಷಕ್ಕೆ 354 ಅಥವಾ 355 ದಿನ, ಅದಕ್ಕೇ ಹೀಗೆ ಹಿಂದೆ ಸರಿಯುತ್ತಾ ಬರುತ್ತದೆ. 2030ರಲ್ಲಿ ಜನವರಿಯಲ್ಲಿ ಒಮ್ಮೆ, ಡಿಸೆಂಬರಿನಲ್ಲಿ ಒಮ್ಮೆ, ಒಂದೇ ವರ್ಷ ಎರಡು ಸಲ ಶುರುವಾಗುತ್ತದೆ. ಈಸ್ಟರ್ 2024ರಲ್ಲಿ ಮಾರ್ಚ್ 31, 2025ರಲ್ಲಿ ಏಪ್ರಿಲ್ 20. ದೀಪಾವಳಿ 2025ರಲ್ಲಿ ಅಕ್ಟೋಬರ್ 20ರ ಸುಮಾರಿಗೆ ಬಂತು, 2026ರಲ್ಲಿ ಅಧಿಕ ಮಾಸ ಬರುವುದರಿಂದ ನವೆಂಬರ್ 8ಕ್ಕೆ ಹೋಗುತ್ತದೆ. ಈಗ ‘ಹೋದ ವರ್ಷ ಇದೇ ತಿಂಗಳಿಗಿಂತ ಇಷ್ಟು ಕಡಿಮೆ’ ಅಂತ ರಿಪೋರ್ಟ್ ನೋಡಿ ಗಾಬರಿಯಾದರೆ ಏನು ಅರ್ಥ? ನಾನು ಹಾಗೆ ಗಾಬರಿಯಾಗಿ, ಚೆನ್ನಾಗಿ ಓಡುತ್ತಿದ್ದ ಜಾಹೀರಾತನ್ನು ನಿಲ್ಲಿಸಿದ್ದೆ. ಈಗ ಹಬ್ಬಕ್ಕೆ ಎಷ್ಟು ದಿನ ಮುಂಚೆ ಅನ್ನುವ ಲೆಕ್ಕದಲ್ಲಿ ಎರಡು ವರ್ಷಗಳನ್ನು ಪಕ್ಕಪಕ್ಕ ಇಡುತ್ತೇನೆ. ಮೊದಲು ಅರ್ಥವಾಗದ ಏರಿಳಿತ ಈಗ ಅರ್ಥವಾಗುತ್ತದೆ.

ಇನ್ನೊಂದು ಮಾತು. ಹಬ್ಬದ ದಿನ ಜಾಹೀರಾತು ಕೊಡುವುದು ತಡ. ಆ ದಿನ ಜನ ಹಬ್ಬ ಮಾಡುತ್ತಿರುತ್ತಾರೆ, ಆ್ಯಪ್ ಹುಡುಕುತ್ತಿರುವುದಿಲ್ಲ. ಹ್ಯಾಲೋ ಅನ್ನುವ ಕ್ಯಾಥೊಲಿಕ್ ಪ್ರಾರ್ಥನೆ ಆ್ಯಪ್ 2024ರಲ್ಲಿ ಅಮೆರಿಕದ ಫುಟ್‌ಬಾಲ್ ಫೈನಲ್ ಆದ ಸೂಪರ್ ಬೌಲ್ ಪಂದ್ಯದ ನಡುವೆ ಜಾಹೀರಾತು ಹಾಕಿತು. ಪಂದ್ಯ ಫೆಬ್ರವರಿ 11, ಲೆಂಟ್ ಉಪವಾಸ ಶುರುವಾಗುವ ಬೂದಿ ಬುಧವಾರ ಫೆಬ್ರವರಿ 14. ಮೂರೇ ದಿನ ಅಂತರ. ಆ ವಾರವೇ ಅದು ಆ್ಯಪಲ್ ಸ್ಟೋರಿನಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಎಲ್ಲರೂ ಪಂದ್ಯದ ದೊಡ್ಡಸ್ತಿಕೆ ನೋಡಿದರು, ನಾನು ಆ ಮೂರು ದಿನ ನೋಡಿದೆ. ಏನೋ ಒಂದು ಹೊಸದಾಗಿ ಶುರು ಮಾಡಬೇಕು ಅಂತ ಜನ ಮನಸ್ಸು ಮಾಡುವ ಹೊತ್ತು ಅದು, ಜೊತೆಗೆ ಲೆಂಟ್‌ನ ನಲವತ್ತು ದಿನಕ್ಕೆ ಅಂತಲೇ ಆ್ಯಪಿನ ಒಳಗೆ ಒಂದು ಸರಣಿ ತಯಾರಿತ್ತು. ಬಂದವರಿಗೆ ಮಾಡಲು ಕೆಲಸ ಇತ್ತು.

ಗೊಣಗುವ_ಬಳಕೆದಾರ:

ನಾನು ಆ್ಯಪ್ ಮಾಡುವವನಲ್ಲ, ಬಳಸುವವನು. ನೀವೆಲ್ಲ ಹೊರಗಿನ ಜಾಹೀರಾತಿನ ಬಗ್ಗೆ ಮಾತಾಡುತ್ತಿದ್ದೀರಿ. ಒಳಗಿನದ್ದರ ಬಗ್ಗೆ ಯಾರು ಮಾತಾಡುತ್ತಾರೆ?

ಒಂದು ಸಲ ಕಣ್ಣು ಮುಚ್ಚಿ ಪಠಣ ಕೇಳುತ್ತಾ ಕೂತಿದ್ದೆ. ನಡುವೆ ಒಮ್ಮೆಲೇ ಕ್ಯಾಸಿನೋ ಆಟದ ವಿಡಿಯೋ, ಸೌಂಡ್ ಪೂರ್ತಿ. ಎದೆ ಝಲ್ ಅಂತು. ಪಕ್ಕದಲ್ಲಿ ಕೂತಿದ್ದ ಅಮ್ಮ ನನ್ನ ಮುಖ ನೋಡಿದ ರೀತಿ ಇನ್ನೂ ನೆನಪಿದೆ. ಆ ಕ್ಷಣವೇ ಆ್ಯಪ್ ತೆಗೆದೆ. ಇನ್ನೊಂದರಲ್ಲಿ ‘ಮೂವತ್ತು ಸೆಕೆಂಡಿನ ವಿಡಿಯೋ ನೋಡಿ, ಮುಂದಿನ ಪ್ರಾರ್ಥನೆ ತೆರೆಯಿರಿ’ ಅಂತ ಇತ್ತು. ಇದನ್ನು ಯೋಚಿಸಿದವರು ಯಾರು ಸ್ವಾಮಿ?

ಮತ್ತೆ ಆ ನೋಟಿಫಿಕೇಶನ್‌ಗಳು. ‘ಇವತ್ತು ದೇವರನ್ನು ಮರೆತಿರಾ?’ ಅಂತ. ಹಿಂದೆ ‘ಈ ಸಂದೇಶವನ್ನು ಹತ್ತು ಜನಕ್ಕೆ ಕಳಿಸದಿದ್ದರೆ ಕೆಟ್ಟದ್ದಾಗುತ್ತದೆ’ ಅಂತ ಕಾಗದ ಬರುತ್ತಿತ್ತಲ್ಲ, ಅದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಕೀವರ್ಡ್_ಹುಳ:

ಸರಿಯಾಗಿ ಹೇಳಿದಿರಿ ಸರ್. ಒಳಗೆ ಜಾಹೀರಾತು ಹಾಕಿಯೇ ಬದುಕಬೇಕಾದವರಿಗೆ ಎರಡು ಮಾತು. ಆ್ಯಪ್‌ಗಳ ಒಳಗೆ ಜಾಹೀರಾತು ತೋರಿಸುವ ಗೂಗಲ್‌ನ ಸೇವೆ ಆ್ಯಡ್‌ಮಾಬ್‌ನಲ್ಲಿ ಜಾಹೀರಾತುಗಳಿಗೆ ವಯಸ್ಸಿನ ದರ್ಜೆಯ ಮಿತಿ ಹಾಕಬಹುದು, ಅದರ ಜೊತೆಗೆ ಸೂಕ್ಷ್ಮ ವರ್ಗಗಳನ್ನು ಒಂದೊಂದಾಗಿ ತಡೆಯಬಹುದು. ಡೇಟಿಂಗ್, ಜ್ಯೋತಿಷ್ಯ, ದಿಢೀರ್ ಶ್ರೀಮಂತರಾಗುವ ಯೋಜನೆ ಇಂಥವೆಲ್ಲ ಆ ಪಟ್ಟಿಯಲ್ಲಿವೆ. ಧರ್ಮ ಅನ್ನುವ ವರ್ಗವೂ ಇದೆ, ಅದನ್ನು ತಡೆಯಲು ಮರೆಯುವವರು ಜಾಸ್ತಿ. ತಡೆಯದಿದ್ದರೆ ನಿಮ್ಮ ಪ್ರಾರ್ಥನೆಯ ಕೆಳಗೆ ಇನ್ನೊಂದು ಪಂಥದ ಪ್ರಚಾರ ಬಂದು ಕೂರಬಹುದು. ಆಮೇಲೆ ರಿವ್ಯೂಗಳಲ್ಲಿ ಆಗುವ ಜಗಳಕ್ಕೆ ನೀವೇ ಪಂಚಾಯಿತಿ ಮಾಡಬೇಕು.

ಜಾಗದ ವಿಷಯದಲ್ಲಿ ನನ್ನದು ಒಂದೇ ಹಟ. ಓದುವ, ಕೇಳುವ, ಪ್ರಾರ್ಥಿಸುವ ಪರದೆಗಳಲ್ಲಿ ಏನೂ ಬೇಡ. ಸೆಟ್ಟಿಂಗ್ಸ್, ಹುಡುಕಾಟ, ಕ್ಯಾಲೆಂಡರ್ ಪುಟದ ಕೆಳಗೆ ಒಂದು ಶಬ್ದವಿಲ್ಲದ ಬ್ಯಾನರ್, ಸಾಕು. ದುಡ್ಡು ಕಡಿಮೆ ಬರುತ್ತದೆ, ನಿಜ.

ನೋಟಿಫಿಕೇಶನ್ ಬಗ್ಗೆ: ಬಳಕೆದಾರ ತಾನಾಗಿ ಒಪ್ಪದೆ ಪ್ರಚಾರಕ್ಕೆ ಪುಶ್ ಕಳಿಸಬಾರದು ಅಂತ ಆ್ಯಪಲ್‌ನ ನಿಯಮವೇ ಇದೆ. ಆಂಡ್ರಾಯ್ಡ್ 13ರಿಂದ ಅಲ್ಲೂ ನೋಟಿಫಿಕೇಶನ್‌ಗೆ ಅನುಮತಿ ಕೇಳಲೇಬೇಕು. ಒಮ್ಮೆ ಸಿಟ್ಟಿನಲ್ಲಿ ಅದನ್ನು ಆಫ್ ಮಾಡಿದರೆ ಪ್ರಾರ್ಥನೆಯ ಅಲಾರಾಂ ಕೂಡ ಹೋಯಿತು ಅಂತ ತಿಳಿಯಿರಿ.

ಅನುಮಾನದ_ಗಂಟು:

ಎಲ್ಲ ಸರಿ, ಆದರೆ ನಂಬಿಕೆಗೆ ಜಾಹೀರಾತು ಯಾಕೆ ಬೇಕು? ಯೂವರ್ಷನ್ ಬೈಬಲ್ ಆ್ಯಪ್ 2008ರ ಜುಲೈನಲ್ಲಿ, ಆ್ಯಪ್ ಸ್ಟೋರ್ ಶುರುವಾದಾಗಲೇ ಬಂದದ್ದು. ಇವತ್ತಿಗೂ ಬಿಟ್ಟಿ, ಒಳಗೆ ಜಾಹೀರಾತೂ ಇಲ್ಲ. ಹಾಗೆ ಮಾಡಬಹುದಲ್ಲ?

ಒಂಟಿ_ಕೋಡರ್:

ಅದರ ಹಿಂದೆ ಒಂದು ಇಡೀ ಚರ್ಚ್ ಇದೆ, ದೇಣಿಗೆ ಕೊಡುವವರಿದ್ದಾರೆ. ನನ್ನ ಹಿಂದೆ ನನ್ನ ಕುರ್ಚಿ ಮಾತ್ರ ಇದೆ. ಸರ್ವರ್ ಬಿಲ್ ಯಾರ ಭಕ್ತಿಯನ್ನೂ ನೋಡುವುದಿಲ್ಲ ಸರ್. ದೇಣಿಗೆ ಕೇಳೋಣ ಅಂದರೆ ಆ್ಯಪಲ್‌ನಲ್ಲಿ ಆ್ಯಪಿನ ಒಳಗೇ ದೇಣಿಗೆ ಎತ್ತಲು ಅವರು ಒಪ್ಪಿದ ಲಾಭರಹಿತ ಸಂಸ್ಥೆಯಾಗಿರಬೇಕು, ನಾನೊಬ್ಬನೇ ವ್ಯಕ್ತಿ. ಯಾರಿಗೂ ಗೊತ್ತಾಗದ ಹಾಗೆ ಇಟ್ಟುಕೊಂಡರೆ ಅದರಲ್ಲಿ ಯಾವ ಪುಣ್ಯವೂ ಕಾಣಿಸುತ್ತಿಲ್ಲ ನನಗೆ.

ಅನುಮಾನದ_ಗಂಟು:

ಕುರ್ಚಿ ವಿಷಯ ಒಪ್ಪಿದೆ. ಹೆದರಿಸಿ ಮಾರದಿದ್ದರೆ ನನ್ನ ತಕರಾರಿಲ್ಲ.

ರಾತ್ರಿಪಾಳಿ:

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಯಾರೂ ಎತ್ತದ ವಿಷಯ ಒಂದಿದೆ, ಸ್ವಲ್ಪ ಉದ್ದ ಆಗುತ್ತದೆ, ತಡೆದುಕೊಳ್ಳಿ.

ಜಾಹೀರಾತು ಓಡಿಸಲು ಶುರು ಮಾಡಿದ ತಕ್ಷಣ ಯಾರೋ ಬಂದು ‘ನಮ್ಮ ಎಸ್‌ಡಿಕೆ ಹಾಕಿ, ಯಾವ ಜಾಹೀರಾತಿನಿಂದ ಯಾರು ಬಂದರು ಅಂತ ಎಲ್ಲ ತೋರಿಸುತ್ತೇವೆ’ ಅನ್ನುತ್ತಾರೆ. ಎಸ್‌ಡಿಕೆ ಅಂದರೆ ನಿಮ್ಮ ಆ್ಯಪಿನ ಒಳಗೆ ಸೇರಿಸುವ ಬೇರೆಯವರ ಕೋಡ್. ಬೇರೆ ಆ್ಯಪ್‌ನಲ್ಲಿ ಇದು ಮಾಮೂಲಿ. ನಿಮ್ಮದರಲ್ಲಿ ಅಲ್ಲ. ನಿಮ್ಮ ಆ್ಯಪಿನ ಹೆಸರೇ ಬಳಸುವವರ ಧರ್ಮ ಹೇಳುತ್ತದೆ. ಆ ಎಸ್‌ಡಿಕೆ ‘ಈ ಫೋನಿನಲ್ಲಿ ಈ ಆ್ಯಪ್ ತೆರೆಯಿತು’ ಅಂತ ಒಂದು ಸಾಲು ಹೊರಗೆ ಕಳಿಸಿದರೆ ಸಾಕು, ಆ ಮನುಷ್ಯನ ನಂಬಿಕೆ ಯಾರದ್ದೋ ಸರ್ವರಿಗೆ ಹೋಯಿತು. ಅದರ ಮೇಲೆ ನೀವು ‘ಸಂಜೆ_ಪ್ರಾರ್ಥನೆ_ಮುಗಿಯಿತು’ ಅಂತ ಇವೆಂಟಿಗೆ (ಆ್ಯಪಿನಲ್ಲಿ ನಡೆದದ್ದರ ದಾಖಲೆಗೆ) ಹೆಸರಿಟ್ಟರೆ ದಿನಚರಿಯೂ ಹೋಯಿತು.

ಇದು ಬರೀ ಭಯ ಅಲ್ಲ. 2020ರ ನವೆಂಬರಿನಲ್ಲಿ ಮದರ್‌ಬೋರ್ಡ್ ಅನ್ನುವ ಸುದ್ದಿ ತಾಣ ಒಂದು ವರದಿ ಮಾಡಿತು. ಮುಸ್ಲಿಂ ಪ್ರೊ ಅನ್ನುವ ನಮಾಜ್ ಸಮಯದ ಆ್ಯಪಿನಿಂದ ಲೊಕೇಶನ್ ಮಾಹಿತಿ ಎಕ್ಸ್-ಮೋಡ್ ಅನ್ನುವ ದಲ್ಲಾಳಿ ಕಂಪನಿಗೆ ಹೋಗುತ್ತಿತ್ತು, ಆ ಕಂಪನಿಯ ಗಿರಾಕಿಗಳಲ್ಲಿ ಅಮೆರಿಕದ ಸೇನೆಗೆ ಕೆಲಸ ಮಾಡುವ ಗುತ್ತಿಗೆದಾರರು ಇದ್ದರು ಅಂತ. ಸೇನೆಗೆ ನಾವು ನೇರವಾಗಿ ಏನೂ ಮಾರಿಲ್ಲ ಅಂತ ಆ್ಯಪಿನವರು ಹೇಳಿದರು, ಎಕ್ಸ್-ಮೋಡ್ ಜೊತೆಗಿನ ಸಂಬಂಧವನ್ನೂ ಕಡಿದುಕೊಂಡರು. ಅದೇ ಡಿಸೆಂಬರಿನಲ್ಲಿ ಆ್ಯಪಲ್ ಮತ್ತು ಗೂಗಲ್ ಎರಡೂ ಆ ಎಸ್‌ಡಿಕೆ ತೆಗೆಯಿರಿ ಅಂತ ಡೆವಲಪರ್‌ಗಳಿಗೆ ಹೇಳಿದವು. 2024ರ ಜನವರಿಯಲ್ಲಿ ಅಮೆರಿಕದ ವ್ಯಾಪಾರ ಆಯೋಗ ಎಫ್‌ಟಿಸಿ, ಆ ಕಂಪನಿ ಸೂಕ್ಷ್ಮ ಜಾಗಗಳ ಲೊಕೇಶನ್ ಮಾಹಿತಿ ಮಾರುವುದಕ್ಕೆ ತಡೆ ಹಾಕಿತು. ಆ್ಯಪ್ ಬಳಸಿದವರಿಗೆ ಇದೆಲ್ಲ ಹೇಗೆ ಅನ್ನಿಸಿರಬೇಕು ಯೋಚಿಸಿ. ನಮಾಜಿಗೆ ಹೊತ್ತು ನೋಡಲು ಇಟ್ಟುಕೊಂಡದ್ದು.

ಇದರಲ್ಲಿ ಹೊಟ್ಟೆ ಉರಿಯುವ ವಿಷಯ ಏನೆಂದರೆ, ಸಮಯ ಲೆಕ್ಕ ಹಾಕಲು ಅಷ್ಟು ನಿಖರ ಲೊಕೇಶನ್ ಬೇಕಾಗಿಯೇ ಇಲ್ಲ. ಭೂಮಿ ಒಂದು ಡಿಗ್ರಿ ರೇಖಾಂಶ ತಿರುಗಲು ನಾಲ್ಕು ನಿಮಿಷ ಬೇಕು. ಸಮಭಾಜಕದ ಹತ್ತಿರ ಒಂದು ಡಿಗ್ರಿ ಅಂದರೆ ಸುಮಾರು 111 ಕಿಲೋಮೀಟರ್. ಐದು ಕಿಲೋಮೀಟರ್ ಆಚೀಚೆ ಆದರೆ ಹನ್ನೊಂದು ಸೆಕೆಂಡಿನಷ್ಟು ವ್ಯತ್ಯಾಸ. ಸೂರ್ಯೋದಯ, ಸೂರ್ಯಾಸ್ತ ನೋಡಿ ಮಾಡುವ ಯಾವ ಪ್ರಾರ್ಥನೆಗೂ, ಪೂಜೆಗೂ ಇದು ಲೆಕ್ಕಕ್ಕೇ ಇಲ್ಲ. ಐಓಎಸ್ 14ರಲ್ಲೂ ಆಂಡ್ರಾಯ್ಡ್ 12ರಲ್ಲೂ ಅಂದಾಜು ಲೊಕೇಶನ್ ಅನ್ನುವ ಆಯ್ಕೆ ಬಂದಿದೆ. ಅದನ್ನೇ ತೆಗೆದುಕೊಂಡು, ಲೆಕ್ಕವನ್ನು ಫೋನಿನಲ್ಲೇ ಹಾಕಿ, ಸರ್ವರಿಗೆ ಕಳಿಸಬೇಡಿ.

ಆಮೇಲೆ ಇದನ್ನೇ ಜಾಹೀರಾತು ಮಾಡಿ! ‘ನಿಮ್ಮ ಲೊಕೇಶನ್ ನಿಮ್ಮ ಫೋನಿನಲ್ಲೇ ಇರುತ್ತದೆ’ ಅನ್ನುವ ಒಂದು ಸಾಲು ಸ್ಕ್ರೀನ್‌ಶಾಟಿನಲ್ಲಿ ಹಾಕಿ. 2022ರ ಮೇ ತಿಂಗಳಲ್ಲಿ ಮೊಜಿಲ್ಲಾ ಫೌಂಡೇಶನ್ ಮಾನಸಿಕ ಆರೋಗ್ಯ ಮತ್ತು ಪ್ರಾರ್ಥನೆಯ 32 ಆ್ಯಪ್‌ಗಳ ಖಾಸಗಿತನ ಪರೀಕ್ಷೆ ಮಾಡಿ 28ಕ್ಕೆ ಎಚ್ಚರಿಕೆಯ ಚೀಟಿ ಅಂಟಿಸಿತು. ಅಂದರೆ ಸ್ಪರ್ಧೆ ಕಡಿಮೆ ಇರುವ ಜಾಗ ಇದು. ಹೇಳಿದ್ದು ನಿಜವಾಗಿರಬೇಕು ಅಷ್ಟೇ, ಯಾಕೆಂದರೆ ಸ್ಟೋರಿನ ಖಾಸಗಿತನದ ಪಟ್ಟಿಯಲ್ಲಿ ಎಲ್ಲ ಕಾಣಿಸುತ್ತದೆ. ಆ್ಯಪಲ್‌ನ ಪಟ್ಟಿಯಲ್ಲಿ ಧಾರ್ಮಿಕ ನಂಬಿಕೆ ‘ಸೂಕ್ಷ್ಮ ಮಾಹಿತಿ’ ಅಡಿ ಬರುತ್ತದೆ.

ಒಂಟಿ_ಕೋಡರ್:

ಓದಿ ಬೆವರು ಬಂತು. ನನ್ನದರಲ್ಲಿ ಅಂಥ ಎಸ್‌ಡಿಕೆ ಒಂದು ಇದೆ. ಹೋದ ತಿಂಗಳಷ್ಟೇ ಹಾಕಿದ್ದು, ಇವತ್ತೇ ತೆಗೆಯುತ್ತೇನೆ. ಆದರೆ ಅದನ್ನು ತೆಗೆದರೆ ಯಾವ ಜಾಹೀರಾತು ಕೆಲಸ ಮಾಡಿತು ಅಂತ ಹೇಗೆ ತಿಳಿಯುವುದು?

ರಾತ್ರಿಪಾಳಿ:

ಯಾರು ಬಂದರು ಅಂತ ಬೇಡ, ಎಲ್ಲಿಂದ ಎಷ್ಟು ಬಂದರು ಅಂತ ತಿಳಿದರೆ ಸಾಕು ಅಲ್ವಾ? ಪ್ಲೇ ಸ್ಟೋರಿನಲ್ಲಿ ಇನ್‌ಸ್ಟಾಲ್ ರೆಫರರ್ ಇದೆ, ಲಿಂಕಿನ ಕೊನೆಗೆ ನೀವು ಅಂಟಿಸಿದ ಗುರುತನ್ನು ಆ್ಯಪಿಗೆ ಕೊಡುತ್ತದೆ, ಜಾಹೀರಾತಿಗೆ ಅಂತ ಫೋನಿಗೆ ಕೊಟ್ಟ ಗುರುತಿನ ಸಂಖ್ಯೆ, ಅಂದರೆ ಜಾಹೀರಾತು ಐಡಿ, ಮುಟ್ಟುವುದಿಲ್ಲ. ಆ್ಯಪಲ್‌ನಲ್ಲಿ ಕ್ಯಾಂಪೇನ್ ಲಿಂಕ್ ಮಾಡಿಕೊಳ್ಳಬಹುದು, ಲೆಕ್ಕ ಅವರ ಅನಲಿಟಿಕ್ಸ್‌ನಲ್ಲೇ ಬರುತ್ತದೆ. 2021ರ ಏಪ್ರಿಲ್‌ನಲ್ಲಿ ಐಓಎಸ್ 14.5 ಬಂದ ಮೇಲೆ ಬೇರೆ ಆ್ಯಪ್‌ಗಳಲ್ಲಿ ಹಿಂಬಾಲಿಸಲು ಅನುಮತಿ ಕೇಳಬೇಕು. ಪ್ರಾರ್ಥನೆ ಆ್ಯಪ್ ತೆರೆದ ತಕ್ಷಣ ‘ನಿಮ್ಮನ್ನು ಹಿಂಬಾಲಿಸಬಹುದಾ?’ ಅಂತ ಕೇಳಿದರೆ ಜನ ಏನು ಅಂದುಕೊಳ್ಳುತ್ತಾರೆ ನೀವೇ ಹೇಳಿ. ಕೇಳುವ ಪರಿಸ್ಥಿತಿಯೇ ತಂದುಕೊಳ್ಳಬೇಡಿ.

ಪೋಸ್ಟರ್_ಪಾರ್ಟಿ:

ಅದೇ ಲಿಂಕನ್ನು ಕ್ಯೂಆರ್ ಕೋಡ್ ಮಾಡಿ. ದೇವಸ್ಥಾನ, ಚರ್ಚ್, ಮಸೀದಿ, ಯಾವುದೇ ಇರಲಿ, ಅಲ್ಲಿನವರನ್ನು ಕೇಳಿ ಒಪ್ಪಿಗೆ ತೆಗೆದುಕೊಂಡು ಒಂದು ಹಾಳೆ ಅಂಟಿಸಿದರೆ ಯಾವ ಟಾರ್ಗೆಟಿಂಗ್ ನಿಯಮವೂ ಅಡ್ಡ ಬರುವುದಿಲ್ಲ. ಒಂದೊಂದು ಜಾಗಕ್ಕೆ ಒಂದೊಂದು ಕೋಡ್ ಇಟ್ಟರೆ ಲೆಕ್ಕವೂ ಸಿಗುತ್ತದೆ. ಆದರೆ ಬರಿಗೈಲಿ ಹೋಗಬೇಡಿ. ಅವರ ವಾರದ ಕಾರ್ಯಕ್ರಮದ ಪಟ್ಟಿ ನಿಮ್ಮ ಆ್ಯಪಿನಲ್ಲಿ ಕಾಣುವ ಹಾಗೆ ಮಾಡಿಕೊಟ್ಟರೆ ಅವರೇ ಮೈಕಿನಲ್ಲಿ ಹೇಳುತ್ತಾರೆ. ಪ್ರವಚನಕಾರರಿಗೆ ದುಡ್ಡು ಕೊಟ್ಟು ಹೇಳಿಸಿದರೆ ಅದು ಜಾಹೀರಾತು ಅಂತ ಅವರು ಬಾಯಿಬಿಟ್ಟು ಹೇಳಬೇಕು. ಹೇಳದೆ ಆಮೇಲೆ ಗೊತ್ತಾದರೆ ಇಬ್ಬರ ಮರ್ಯಾದೆಯೂ ಹೋಗುತ್ತದೆ.

ಪಂಚಾಂಗ_ಪ್ರಿಯೆ:

ಪೋಸ್ಟರಿಗೂ ಜಾಹೀರಾತಿಗೂ ಒಂದು ಎಚ್ಚರಿಕೆ. ಶ್ಲೋಕ, ವಚನ, ಆಯತ್, ಏನೇ ಹಾಕಿ, ಬಲ್ಲವರಿಂದ ಒಮ್ಮೆ ಓದಿಸಿ. ನನ್ನ ಒಂದು ಬ್ಯಾನರಿನಲ್ಲಿ ಒತ್ತಕ್ಷರ ಒಂದು ಬಿಟ್ಟುಹೋಗಿ ಅರ್ಥವೇ ತಿರುಗಿತ್ತು. ಕಾಮೆಂಟುಗಳಲ್ಲಿ ಜನ ಎತ್ತಿ ಆಡಿದರು. ಆ್ಯಪಲ್‌ನ ನಿಯಮ 1.1.5ರಲ್ಲಿ ಧರ್ಮಗ್ರಂಥದ ತಪ್ಪು ಉಲ್ಲೇಖವನ್ನೂ ಹೆಸರಿಸಿ ಬೇಡ ಅಂದಿದ್ದಾರೆ, ಆದರೆ ಸ್ಟೋರಿನವರಿಗಿಂತ ಮೊದಲು ಅಜ್ಜಿಯರು ಹಿಡಿಯುತ್ತಾರೆ.

ಒಂಟಿ_ಕೋಡರ್:

ಎರಡು ವಾರ ಆಯಿತು, ಬಂದು ಹೇಳುತ್ತೇನೆ ಅಂದುಕೊಂಡಿದ್ದೆ. ಎಸ್‌ಡಿಕೆ ತೆಗೆದೆ. ಲೊಕೇಶನ್ ಅಂದಾಜಿಗೆ ಇಳಿಸಿದೆ, ಅಲಾರಾಂನಲ್ಲಿ ವ್ಯತ್ಯಾಸ ಯಾರೂ ಗಮನಿಸಲಿಲ್ಲ. ಸ್ಟೋರ್ ಹೆಸರಿನಿಂದ ‘ದಿವ್ಯ’ ಹಾರಿಹೋಯಿತು (ಹೌದು, ಇತ್ತು). ಜಾಹೀರಾತನ್ನು ಹುಡುಕಾಟದ ಪದಗಳಿಗೆ ಮಾತ್ರ ಕೊಡುತ್ತಿದ್ದೇನೆ. ಇನ್‌ಸ್ಟಾಲ್ ಮೊದಲಿಗಿಂತ ಕಡಿಮೆ, ಆದರೆ ಬಂದವರು ಮರುದಿನವೂ ತೆರೆಯುತ್ತಿದ್ದಾರೆ. ಹಬ್ಬಕ್ಕೆ ಇನ್ನೂ ಆರು ವಾರ ಇದೆ, ಈಗಲೇ ಸರಣಿ ತಯಾರು ಮಾಡುತ್ತಿದ್ದೇನೆ.

ಹೊಸ ಸಾಲು ಹೀಗಿದೆ: ‘ಬೆಳಗಿನ ಪ್ರಾರ್ಥನೆ, ನಿಮ್ಮ ನಂಬಿಕೆಯಷ್ಟೇ ಸರಳ. ನೆಟ್ ಇಲ್ಲದೆಯೂ ಕೇಳಿ.’ ಹೇಗಿದೆ?

ಕೀವರ್ಡ್_ಹುಳ:

‘ನಿಮ್ಮ ನಂಬಿಕೆ’ ಮತ್ತೆ ನುಸುಳಿದೆ ನೋಡಿ. ನಡುವಿನ ಮೂರು ಪದ ಕಿತ್ತುಹಾಕಿ ಕಳಿಸಿ.